ಒಡವೆಯ ಬೆನ್ನು

— ಮಾವ, ಒಂದು ವಸ್ತು ತಂದಿದೀನಿ. ನೋಡಿ ಬೈಯಬಾರದು.

— ಬೈಯೋ ವಸ್ತುವಾದ್ರೆ ಕಾಫಿಗೆ ಮುಂಚೆ ತೋರಿಸಿಬಿಡು. ಕಾಫಿ ಇಳಿದ ಮೇಲೆ ನನಗೆ ಬೈಯೋಕೆ ಮನಸ್ಸು ಬರಲ್ಲ.

— ಇಗೊಳ್ಳಿ.

— ಕಡಗ. ಕೈಗೆ ಭಾರ ಬರುತ್ತೆ, ಸಂತೋಷ. ಜೊತೇಲಿ ಇದೇನು, ಸ್ಕ್ರೂಡ್ರೈವರು? ಒಡವೆ ಜೊತೆ ಗ್ಯಾರೇಜ್ ಸಾಮಾನೂ ಕೊಡ್ತಾರಾ ಈಗ?

— ಅದು ಅದರದ್ದೇ ಮಾವ. ಕಾರ್ಟಿಯೇ ಕಂಪನಿಯ ‘ಲವ್’ ಕಡಗ. 1969ರಲ್ಲಿ ನ್ಯೂಯಾರ್ಕಿನಲ್ಲಿ ಆಲ್ಡೊ ಚಿಪುಲ್ಲೊ ಅನ್ನೋ ವಿನ್ಯಾಸಗಾರ ಮಾಡಿದ್ದು. ಎರಡು ಅರ್ಧ, ಎರಡು ತಿರುಪು. ಪ್ರೀತಿಸಿದವರು ಕೈಗೆ ಹಾಕಿ ತಿರುಪು ಬಿಗಿದುಬಿಡ್ತಾರೆ. ಹಾಕಿಕೊಂಡವರು ಒಬ್ಬರೇ ಬಿಚ್ಚೋದು ಕಷ್ಟ.

— ನಮ್ಮಲ್ಲಿ ಮೂರು ಗಂಟಿಗೇ ಆ ಕೆಲಸ ಮುಗಿಯುತ್ತೆ. ಯಾರು ಬಿಗಿದರು ನಿನಗೆ?

— ಯಾರೂ ಇಲ್ಲ. ನಾನೇ ಕೊಂಡೆ. ಆಫೀಸಿನ ಗೆಳತಿಗೆ ಗೊತ್ತಿದ್ದ ಒಬ್ಬರು ಮಾರಿದರು. ಸೆಕೆಂಡ್ ಹ್ಯಾಂಡ್. ಕೆಂಪು ಡಬ್ಬಿ ಇದೆ, ಸರ್ಟಿಫಿಕೇಟ್ ಇದೆ, ಒಳಗೆ ನಂಬರ್ ಇದೆ. ಆದರೂ ಮೊನ್ನೆಯಿಂದ ನಿದ್ದೆ ಬರ್ತಿಲ್ಲ. ಅಸಲಿಯೋ ನಕಲಿಯೋ ಅಷ್ಟು ಹೇಳಿ ಸಾಕು.

— ಡಬ್ಬಿ, ಕಾಗದ ಪಕ್ಕಕ್ಕಿಡು. ಕಡಗ ಮಾಡೋಕೆ ಬಂದವನಿಗೆ ಡಬ್ಬಿ ಮಾಡೋಕೆ ಬರಲ್ವಾ? ಇನ್ನು ನೀನು ಒಂದು ಪ್ರಶ್ನೆ ಕೇಳಿದೆ ಅಂದ್ಕೊಂಡಿದೀಯ. ಕೇಳಿದ್ದು ಎರಡು. ಇದು ಏನು ಅನ್ನೋದು ಒಂದು, ಇದು ಯಾರದ್ದು ಅನ್ನೋದು ಇನ್ನೊಂದು. ಮೊದಲನೇದಕ್ಕೆ ನನ್ನ ಹತ್ತಿರ ಕಲ್ಲಿದೆ. ಎರಡನೇದಕ್ಕೆ ಬರೀ ಕಣ್ಣು.

— ಮೊದಲು ಕಲ್ಲು ತೆಗೀರಿ.

— ಆ ಗೂಡಿನಲ್ಲಿ ಬಟ್ಟೆ ಸುತ್ತಿಟ್ಟಿದೀನಿ, ತಗೊಂಡು ಬಾ. ಈ ಒರೆಗಲ್ಲು ನಮ್ಮಜ್ಜನ ಕಾಲದ್ದು. ಮುಟ್ಟಿ ನೋಡು: ಕಪ್ಪಗೆ, ನುಣ್ಣಗೆ, ಆದರೂ ಒಂಚೂರು ಹಿಡಿಯುತ್ತೆ. ಹಾಗಿರಬೇಕು. ಚಿನ್ನಕ್ಕಿಂತ ಗಟ್ಟಿ ಇರಬೇಕು, ಆಸಿಡ್ ಬಿದ್ರೆ ಕದಲಬಾರದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಒರೆಗಲ್ಲಿನ ಮಾತು ಬರುತ್ತಂತೆ. ಕಳಿಂಗದ ಕಲ್ಲು, ಹೆಸರುಕಾಳಿನ ಬಣ್ಣದ್ದು ಶ್ರೇಷ್ಠ ಅಂತ. ನಾವು ಬ್ಯಾಂಕಿಗೆ ಚಿನ್ನ ಪರೀಕ್ಷೆ ಮಾಡೋಕೆ ಹೋಗ್ತಿದ್ದಾಗ ಒಬ್ಬ ಮೇಷ್ಟ್ರು ಹೇಳಿದ್ದರು. ನನಗೆ ಹಿಡಿಸಿದ್ದು ಆ ಕಲ್ಲಿನ ವಿಷಯವಲ್ಲ, ಅಲ್ಲೇ ಬರೋ ಮೋಸದ ಪಟ್ಟಿ. ಉಗುರಿನ ಸಂದಿಯಲ್ಲಿ ಕಾವಿ ಪುಡಿ ಇಟ್ಟುಕೊಂಡು ಒರೆಯ ಗೆರೆ ಮೇಲೆ ಉದುರಿಸ್ತಾರೆ, ಹುಷಾರು ಅಂತ ಬರೆದಿದ್ದಾನಂತೆ. ಅಷ್ಟು ಹಳೇ ವಿದ್ಯೆ ಅದು.

— ಗೀರಿದ್ರೆ ನನ್ನ ಕಡಗಕ್ಕೆ ಗಾಯ ಆಗಲ್ವಾ?

— ಆಗುತ್ತೆ. ಒಳಮೈಯಲ್ಲಿ, ತಿರುಪಿನ ಹತ್ತಿರ ಉಜ್ತೀನಿ, ಕಾಣಲ್ಲ. ಗೀರೋಕೆ ಬಿಡದೆ ಹಳೇ ಒಡವೆ ಮಾರೋರ ಹತ್ತಿರ ನಾನಂತೂ ವ್ಯಾಪಾರ ಮಾಡಲ್ಲ. ಉಜ್ಜಲಾ?

— ಉಜ್ಜಿ.

— ನೋಡು, ಇದು ಕಡಗದ ಗೆರೆ. ಇದರ ಪಕ್ಕದಲ್ಲೇ ನನ್ನ ಮಾದರಿ ಕಡ್ಡಿಗಳದ್ದು: 22 ಕ್ಯಾರೆಟ್, 20, 18. ಬಿಸಿಲಿಗೆ ಹಿಡಿ. ದೀಪದ ಬೆಳಕಲ್ಲಿ ಹಿತ್ತಾಳೆಯೂ ಅಪರಂಜಿ.

— ಎಲ್ಲಾ ಒಂದೇ ಹಳದಿ ಕಾಣುತ್ತಲ್ಲ ಮಾವ.

— ಅವಸರ ಮಾಡಬೇಡ. ಈ ಕೊನೇದು ಸ್ವಲ್ಪ ಬಿಳಿಚಿಕೊಂಡಿದೆ, ಅಲ್ವಾ? ಅದು 18. ನೂರಕ್ಕೆ 75 ಪಾಲು ಚಿನ್ನ, ಉಳಿದದ್ದು ಬೆಳ್ಳಿ, ತಾಮ್ರ. ಮೊದಲನೇದರಲ್ಲಿ ಅರಿಸಿನಕ್ಕೆ ಒಂದು ತೊಟ್ಟು ಕುಂಕುಮ ಬಿದ್ದ ಹಾಗೆ ಬೆಚ್ಚಗಿನ ಬಣ್ಣ. ಅದು 22. ಈಗ ನಿನ್ನ ಗೆರೆ ಯಾವುದರ ತಂಗಿ ಹೇಳು.

— ಮೊದಲನೇದರದ್ದು. ಅಂದ್ರೆ ತುಂಬ ಒಳ್ಳೇ ಚಿನ್ನ! ಅಬ್ಬ, ಬದುಕಿದೆ.

— ತಾಳು. ಆಸಿಡ್ ಹಾಕೋಣ. ಹಿತ್ತಾಳೆ ಆಗಿದ್ರೆ ಹಸಿರು ನೊರೆ ಬಂದು ಗೆರೆಯೇ ಮಾಯ ಆಗ್ತಿತ್ತು. ನೋಡು, ನಿನ್ನದು, 22ರದ್ದು, ಎರಡು ಗೆರೆನೂ ಜಪ್ಪಯ್ಯ ಅಂದಿಲ್ಲ. ಒಂದೇ ಕಡೆ ಉಜ್ಜಿ ಕಲ್ಲು ಕೆಳಗಿಡೋ ತಪ್ಪು ಮಾತ್ರ ನಾನು ಮಾಡಲ್ಲ. ಒಂದ್ಸಲ ಮಾಡಿ ಕೈ ಸುಟ್ಟುಕೊಂಡಿದೀನಿ.

— ಬ್ಯಾಂಕಿನಲ್ಲಾ?

— ಹ್ಞೂಂ. ಯಾವ ಬ್ಯಾಂಕು ಅನ್ನೋದು ಬೇಡ. ಅವರ ತಪ್ಪೇನಿಲ್ಲ, ಕಣ್ಣು ನನ್ನದು. ಎರಡೆಳೆ ಸರ, ನಲವತ್ತು ಗ್ರಾಂ ಹತ್ತಿರ. ನಾವು ಪರೀಕ್ಷೆ ಮಾಡೋರು ಎಲ್ಲಿ ಉಜ್ತೀವಿ ಅನ್ನೋದು ಮೋಸ ಮಾಡೋರಿಗೆ ಬಾಯಿಪಾಠ. ಕೊಂಡಿ ಹತ್ತಿರ. ಅಲ್ಲಿ ಉಜ್ಜಿದ್ರೆ ಸರದ ಅಂದ ಕೆಡಲ್ಲ ನೋಡು. ಅದಕ್ಕೇ ಕೊಂಡಿ, ಅದರ ಆಚೆ ಈಚೆ ನಾಲ್ಕು ಕೊಳಿಕೆ ಅಪ್ಪಟ 22 ಹಾಕಿ, ಉಳಿದದ್ದೆಲ್ಲ ತಾಮ್ರದ ಮೇಲೆ ದಪ್ಪ ಮುಲಾಮು ಕೊಟ್ಟಿದ್ದರು. ಗಿರವಿ ಬಿಡಿಸೋಕೆ ಯಾರೂ ಬರಲಿಲ್ಲ. ಹರಾಜಿಗೆ ತೆಗೆದಾಗ ಬಣ್ಣ ಬಯಲಾಯ್ತು. ಮೂರು ತಿಂಗಳು ನನಗೆ ಅನ್ನ ಸೇರಲಿಲ್ಲ. ಅವತ್ತಿಂದ ನಾಲ್ಕು ಕಡೆ ಉಜ್ಜೋದು, ಅನುಮಾನ ಬಂದ್ರೆ ಅರದಲ್ಲಿ ಒಂದು ಕಚ್ಚು ಹಾಕಿ ಹೊಟ್ಟೆ ಒಳಗಿನ ಬಣ್ಣ ನೋಡೋದು.

— ಈಗ ಮೆಷಿನ್ ಇದೆಯಲ್ಲ, ಇಟ್ಟ ತಕ್ಷಣ ಪರ್ಸೆಂಟೇಜ್ ಹೇಳುತ್ತೆ?

— ಎಕ್ಸ್‌ರೇ ಮೆಷಿನ್ನು. ಒಳ್ಳೇದೇ. ಆದರೆ ಅದು ನೋಡೋದು ಮೈಮೇಲಿನ ಕೂದಲೆಳೆಗಿಂತ ತೆಳ್ಳನೆ ಪದರ. ಮುಲಾಮು ದಪ್ಪ ಇದ್ರೆ ಅದೂ ಹೌದಪ್ಪ ಅಂದುಬಿಡುತ್ತೆ. ಕೊನೇ ಮಾತು ಹೇಳೋದು ಬೆಂಕಿಯೇ. ಚೂರು ಕತ್ತರಿಸಿ, ಕರಗಿಸಿ, ಬೇರೆ ಲೋಹ ತೆಗೆದು, ಉಳಿದ ಚಿನ್ನ ತೂಗೋದು. ಹಾಲ್‌ಮಾರ್ಕ್ ಸೆಂಟರಿನಲ್ಲೂ ಪಕ್ಕಾ ಲೆಕ್ಕ ಬೇಕು ಅಂದ್ರೆ ಅದೇ. ಆದರೆ ಕರಗಿಸಿ ನೋಡಿದ ಮೇಲೆ ನಿನ್ನ ಕಾರ್ಟಿಯೇ ಎಲ್ಲಿರುತ್ತೆ? ಅದಕ್ಕೆ ನೀರು ತಾ. ಸ್ಟೀಲ್ ಲೋಟದಲ್ಲಿ, ಮುಕ್ಕಾಲು.

— ನೀರಾ?

— ಕೊಬ್ಬರಿ ಮಂಡಿ ಊರಿನವಳಾಗಿ ಕೇಳ್ತೀಯಲ್ಲ. ಅಟ್ಟದಿಂದ ಇಳಿಸಿದ ಕಾಯಿ ಒಡೆಯೋಕೆ ಮುಂಚೆ ಕಿವಿ ಹತ್ತಿರ ಅಲ್ಲಾಡಿಸಿ ನೋಡಲ್ವಾ, ಒಳಗೆ ಗಿಟುಕು ಬಿಟ್ಟಿದೆಯೋ ಇಲ್ಲವೋ ಅಂತ? ಒಡೆಯದೆ ಒಳಗಿನದ್ದು ತಿಳಿಯೋ ಉಪಾಯ ಚಿನ್ನಕ್ಕೂ ಒಂದಿದೆ. ಮೊದಲು ಬರೀ ತೂಕ ನೋಡು. ಎಷ್ಟು?

— 32 ಗ್ರಾಂ, ಸರಿಯಾಗಿ.

— ಈಗ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಾ. ಕಡಗಕ್ಕೆ ದಾರ ಕಟ್ಟಿ ನೀರೊಳಗೆ ಇಳಿಬಿಡು. ಪೂರ್ತಿ ಮುಳುಗಲಿ, ತಳ ಮುಟ್ಟಬಾರದು, ಪಕ್ಕ ತಾಕಬಾರದು. ಗುಳ್ಳೆ ಅಂಟಿದ್ರೆ ಕೊಡವು. ಎಷ್ಟು ತೋರಿಸ್ತಿದೆ?

— 1.81.

— ಅಂದ್ರೆ ಕಡಗ ಅಷ್ಟು ಗ್ರಾಂ ನೀರಿನ ಜಾಗ ಹಿಡೀತು. 32ನ್ನ ಅದರಿಂದ ಭಾಗಿಸು, ನಿನ್ನ ಮೊಬೈಲಲ್ಲಿ.

— 17.68 ಬರುತ್ತೆ.

— ಅಪ್ಪಟ ಚಿನ್ನ ನೀರಿಗಿಂತ 19.3 ಪಟ್ಟು ಭಾರ. 22 ಕ್ಯಾರೆಟ್ ಆದ್ರೆ ಹೆಚ್ಚುಕಡಿಮೆ ಹದಿನೇಳೂಮುಕ್ಕಾಲು. ಹಳದಿಯ 18 ಆದ್ರೆ ಹದಿನೈದೂವರೆ ಆಸುಪಾಸು. ಬೆಳ್ಳಿ ಹತ್ತೂವರೆ, ಹಿತ್ತಾಳೆ ಎಂಟೂವರೆ. ಟಂಗ್‌ಸ್ಟನ್ ಅನ್ನೋ ಲೋಹ ಅಪ್ಪಟ ಚಿನ್ನದ ಭಾರಕ್ಕೆ ಸಮ ನಿಲ್ಲುತ್ತೆ. ಅದನ್ನ ಬಿಸ್ಕತ್ತಿನ ಹೊಟ್ಟೆಗೆ ತುಂಬ್ತಾರೆ. ಇಂಥ ಕಡಗ ಬಗ್ಗಿಸೋಕೆ ಅದು ಒಗ್ಗಲ್ಲ, ಸೀಳುತ್ತೆ. ಅರಗು ತುಂಬಿದ ಟೊಳ್ಳು ಒಡವೆಗೆ, ಕಲ್ಲು ಕೂರಿಸಿದ ಓಲೆಗೆ ಈ ಲೆಕ್ಕ ನಡೆಯಲ್ಲ. ನಿನ್ನದು ಗಟ್ಟಿ ಮಾಲು. ಕಲ್ಲು ಹೇಳಿದ್ದೂ ನೀರು ಹೇಳಿದ್ದೂ ಒಂದೇ ಆಯ್ತು. ಇದು 22 ಕ್ಯಾರೆಟ್, ಹದಿನಾರಾಣೆ ಸತ್ಯ.

— ಮತ್ತೆ ಯಾಕೆ ಮುಖ ಸಪ್ಪಗೆ ಮಾಡ್ಕೊಂಡಿದೀರಿ?

— ಒಳಗಿನ ಮುದ್ರೆ ಓದು.

— ‘750’.

— ಅಂದ್ರೆ?

— 18 ಕ್ಯಾರೆಟ್... ಓ.

— ಹ್ಞಾಂ. ಆ ಕಂಪನಿಯವರು ಈ ಕಡಗ ಮಾಡೋದು 18ರಲ್ಲಿ. ಇದು 22. ಅಸಲಿಗಿಂತ ಅಪ್ಪಟವಾಗಿದೆ, ಅದಕ್ಕೇ ಇದು ನಕಲಿ.

— ಇದೆಂಥ ನ್ಯಾಯ ಮಾವ! ಮೋಸ ಮಾಡೋನು ಕಡಿಮೆ ಚಿನ್ನ ಹಾಕಬೇಕು ತಾನೇ?

— ಮೋಸ ಅಂತಲೇ ಹುಟ್ಟಿದ್ದಲ್ಲ ಇದು, ನನಗನ್ನಿಸೋದು. ಯಾರೋ ಹೆಣ್ಣುಮಗಳು ಮನೇಲಿದ್ದ ಹಳೇ ಬಳೆ, ಪಾಟ್ಲಿ ಕರಗಿಸಿ, ಮೊಬೈಲಲ್ಲಿ ಫೋಟೋ ತೋರಿಸಿ, ಹಿಂಗೇ ಮಾಡಿಕೊಡಿ ಅಂದಿದ್ದಾಳೆ. ಆಚಾರಿಯ ಕೈಲಿರೋದು 22ರ ಚಿನ್ನ. ಅದಕ್ಕೆ ಬೆಳ್ಳಿ ತಾಮ್ರ ಬೆರೆಸಿ 18ಕ್ಕೆ ಯಾಕೆ ಇಳಿಸ್ತಾನೆ? ಫೋಟೋದಲ್ಲಿದ್ದ ಅಕ್ಷರ, ಅಂಕಿ ಎಲ್ಲಾ ಕಂಡ ಹಾಗೇ ಕೊರೆದಿದ್ದಾನೆ. ಆಮೇಲೆ ಕೈಯಿಂದ ಕೈಗೆ ಹೋಗ್ತಾ ಯಾರೋ ಬುದ್ಧಿವಂತರು ಡಬ್ಬಿ ಸೇರಿಸಿದರು. ಸುಳ್ಳು ಶುರುವಾದದ್ದು ಡಬ್ಬಿಯಿಂದ.

— ಬರೀ ಕ್ಯಾರೆಟ್ ನೋಡಿ ಹೇಳ್ತಿದೀರಾ, ಬೇರೆ ಗುರುತೂ ಇದೆಯಾ?

— ಭೂತಗನ್ನಡಿ ಹಿಡಿ. ನೋಡು ಮಗ, ಒಡವೆಯ ಮುಖ ಯಾವನು ಬೇಕಾದ್ರೂ ಚೆನ್ನಾಗಿ ಮಾಡ್ತಾನೆ, ಕೊಳ್ಳೋರು ನೋಡೋದು ಅದನ್ನೇ. ನಾನು ನೋಡೋದು ಬೆನ್ನು. ಒಳಮೈಯಲ್ಲಿ ಇಲ್ಲಿಂದ ಇಲ್ಲಿವರೆಗೆ ಅರದ ಗೆರೆ ಒಂದು ಕಡೆ ವಾಲಿದೆ. ಕೈಲಿ ಉಜ್ಜಿದ್ದು. ಈ ತಿರುಪಿನ ಸುತ್ತು ಅದರ ಜೊತೆಯದ್ದಕ್ಕಿಂತ ಬಿಗಿ. ಅಕ್ಷರಗಳು ಒಂದೇ ಆಳಕ್ಕಿಲ್ಲ. ಉಳಿ ತಿರುಗಿಸಿದ ಕಡೆ ಗೊರಕಾಗಿದೆ. ಇನ್ನು ಈ ಮುದ್ರೆ, ಏನಿದು?

— ಹದ್ದಿನ ತಲೆ ಅಂತೆ. ಫ್ರಾನ್ಸಿನಲ್ಲಿ 18 ಕ್ಯಾರೆಟ್ಟಿಗೆ ಒತ್ತೋದು, 1838ರಿಂದ ಇದೆಯಂತೆ. ನಾನೂ ಓದಿಕೊಂಡೇ ಬಂದೆ.

— ಇದು ಪಾರಿವಾಳ ಕಣೇ. ಹದ್ದನ್ನ ಕಂಡಿಲ್ಲದವನು ಒತ್ತಿದ್ದು. ಗಂಡಭೇರುಂಡ ಒತ್ತಿದ್ರೂ ನೀನು ನಂಬ್ತಿದ್ದೆ.

— ನಂಬ್ತಿದ್ದೆ, ನಿಜ. ನನಗೆ ಗೊತ್ತಿದ್ದ ಮುದ್ರೆ ಅಂದ್ರೆ ‘916 ಕೆಡಿಎಂ’.

— ಅದನ್ನ ಎತ್ತಬೇಡ, ನನಗೆ ಸಿಟ್ಟು ಬರುತ್ತೆ. ಕೆಡಿಎಂ ಅಂದ್ರೆ ಚಿನ್ನದ ಜಾತಿ ಅಂತ ಊರೆಲ್ಲಾ ತಿಳಿದುಕೊಂಡಿದೆ. ಅದು ಬೆಸುಗೆಯ ಹೆಸರು. ಹಿಂದೆ ಬೆಸುಗೆಗೆ ತಾಮ್ರ, ಬೆಳ್ಳಿ ಹೆಚ್ಚು ಬೆರೆಸಬೇಕಿತ್ತು. ಒಡವೆ ಕರಗಿಸಿದಾಗ ಬೆಸುಗೆಯೂ ಸೇರಿ ಬಣ್ಣ ಇಳೀತಿತ್ತು. ಕ್ಯಾಡ್ಮಿಯಂ ಹಾಕಿದ್ರೆ ನೂರರಲ್ಲಿ 92 ಪಾಲು ಚಿನ್ನ ಇಟ್ಟೇ ಬೆಸೆಯಬಹುದು. ಗಿರಾಕಿಗೆ ಲಾಭ. ಆದರೆ ಊದುಗೊಳವೆ ಬಾಯಲ್ಲಿಟ್ಟವನ ಎದೆಗೂಡಿಗೆ ಆ ಹೊಗೆ ವಿಷ. ಹಾಲ್‌ಮಾರ್ಕ್ ಒಡವೆಯಲ್ಲಿ ಅದನ್ನ ಹಾಕೋ ಹಾಗೇ ಇಲ್ಲ ಈಗ. ಆದರೂ ಅಂಗಡಿಗೆ ಬಂದು ‘ಕೆಡಿಎಂದೇ ಕೊಡಿ’ ಅಂತಾರೆ, ವಿಷವನ್ನ ಹೆಸರು ಹಿಡಿದು ಕೇಳೋ ಹಾಗೆ.

— ಹಾಗಾದ್ರೆ ಇಲ್ಲಿಯ ಹಳೇ ಒಡವೆ ಕೊಳ್ಳೋವಾಗ ಯಾವ ಮುದ್ರೆ ನಂಬಬೇಕು?

— ಈಗಿನದಾದ್ರೆ ಮೂರು ಇರಬೇಕು. ಬಿಐಎಸ್‌ನ ತ್ರಿಕೋನದ ಚಿಹ್ನೆ, 22ಕೆ916 ಅಂತ ಶುದ್ಧತೆ, ಆಮೇಲೆ ಅಕ್ಷರ ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ. 2021ರ ಜುಲೈನಲ್ಲಿ ಬಂತು ಅದು. 2023ರ ಏಪ್ರಿಲ್ ಒಂದರಿಂದ ಅದಿಲ್ಲದೆ ಅಂಗಡಿಯವರು ಹಾಲ್‌ಮಾರ್ಕ್ ಚಿನ್ನ ಅಂತ ಮಾರೋ ಹಾಗಿಲ್ಲ. ಎರಡು ಗ್ರಾಂಗಿಂತ ಕಡಿಮೆ ಇರೋ ಸಣ್ಣಪುಟ್ಟದ್ದು, ಕುಂದನ್, ಪೋಲ್ಕಿ, ಜಡಾವು, ಇವಕ್ಕೆ ವಿನಾಯಿತಿ ಇದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಆರು ಸ್ಥಾನ ಹೊಡೆದು ನೋಡು. ಬರೀ ‘ಸರಿ ಇದೆ’ ಅಂತ ಬಂತು ಅಂತ ಮುಚ್ಚಬೇಡ. ಅಲ್ಲಿ ಯಾವ ಒಡವೆ ಅನ್ನೋದೂ ಇರುತ್ತೆ. ಕೈಲಿರೋದು ಬಳೆ, ಆ್ಯಪು ಉಂಗುರ ಅಂದ್ರೆ ನಂಬರ್ ಕದ್ದದ್ದು ಅಂತ ಲೆಕ್ಕ. 2021ಕ್ಕಿಂತ ಹಳೇದರಲ್ಲಿ ಎಚ್‌ಯುಐಡಿ ಇರಲ್ಲ, ಹಾಲ್‌ಮಾರ್ಕ್ ಸೆಂಟರಿನ ಗುರುತು, ಅಂಗಡಿ ಗುರುತು ಇರುತ್ತೆ. ನಮ್ಮಕ್ಕನ, ಅಂದ್ರೆ ನಿಮ್ಮಮ್ಮನ ಕಾಸಿನ ಸರದಲ್ಲಿ ಯಾವುದೂ ಇಲ್ಲ. ಹಾಗಂತ ಅದು ನಕಲಿನಾ? ಮಾಡಿದವನು ನಮ್ಮಪ್ಪ.

— ಅಜ್ಜ ಮುದ್ರೆ ಒತ್ತುತ್ತಿರಲಿಲ್ವಾ?

— ಯಾತಕ್ಕೆ? ಎದುರು ಬೀದಿಯವರಿಗೆ ಮಾಡಿಕೊಟ್ಟದ್ದಕ್ಕೆ ಮುದ್ರೆ ಬೇಕಾ? ಅಪ್ಪನಿಗೆ ಮುದ್ರೆ ಅಂದ್ರೆ ಸರ್ಕಾರದ ಕಾಟ. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂತು, ಮೊರಾರ್ಜಿ ದೇಸಾಯಿ ಕಾಲದಲ್ಲಿ. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಹೊಸದಾಗಿ ಮಾಡೋ ಹಾಗಿಲ್ಲ ಅಂತ. ಹದಿನಾಲ್ಕರ ತಾಳಿ ಯಾರಮ್ಮ ಕಟ್ಟಿಸ್ಕೋತಾರೆ? ಅಗ್ಗಿಷ್ಟಿಕೆ ಆರಿಹೋಯ್ತು. ಅಪ್ಪ ಎರಡು ವರ್ಷ ಕೊಬ್ಬರಿ ಮಂಡಿಯಲ್ಲಿ ತೂಕ ಬರೆಯೋ ಕೆಲಸ ಮಾಡಿದ. ಗುಲಗಂಜಿ ತೂಗಿದ ಕೈಲಿ ಮೂಟೆ ತೂಗಿದ. ರಾತ್ರಿ ಮಾತ್ರ ಯಾರಾದರೂ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹಿತ್ತಲ ಬಾಗಿಲಿಗೆ ಬರೋರು. 1966ರಲ್ಲಿ ಆ ಹದಿನಾಲ್ಕರ ಕಟ್ಟು ಸಡಿಲಿಸಿದರು. 1968ರಲ್ಲಿ ಮತ್ತೆ ಕಾಯ್ದೆ, 1990ರಲ್ಲಿ ಅದೂ ರದ್ದು. ಹೇಳಿದ್ದೊಂದು, ಒಳಗಿನ ಚಿನ್ನ ಇನ್ನೊಂದು ಅನ್ನೋ ಒಡವೆ ನನಗೆ ಹೊಸದಲ್ಲ. ನಿನ್ನ ಕಡಗ ನೋಡಿ ಅದಕ್ಕೇ ಸಿಟ್ಟು ಬರಲಿಲ್ಲ.

— ನನಗೆ ಬರ್ತಿದೆ. ಎಷ್ಟು ಮುಳುಗಿದೆ ಲೆಕ್ಕ ಹಾಕಿ.

— 32 ಗ್ರಾಂನಲ್ಲಿ 18 ಕ್ಯಾರೆಟ್ ಆಗಿದ್ರೆ ಅಪ್ಪಟ ಚಿನ್ನ 24 ಗ್ರಾಂ ಸಿಗ್ತಿತ್ತು. ಈಗ 29.3 ಸಿಕ್ಕಿದೆ. ಐದು ಗ್ರಾಂ ಮೇಲೆ ಬಂತು. ಹೆಸರಿಗೆ ಕೊಟ್ಟ ದುಡ್ಡು ಹೋಯ್ತು, ಚಿನ್ನಕ್ಕೆ ಕೊಟ್ಟದ್ದು ಮನೇಲೇ ಇದೆ. ಏಳು, ಬಸ್ಸಿಗೆ ಹೊತ್ತಾಯ್ತು. ಬೇಲೂರಿನಲ್ಲಿ ಗೃಹಪ್ರವೇಶದವರು ನಾಷ್ಟಾ ಎತ್ತಿಟ್ಟುಬಿಡ್ತಾರೆ.

(ಜಾವಗಲ್ ದಾಟಿದ ಮೇಲೆ, ಬಸ್ಸಿನಲ್ಲಿ.)

— ಮಾವ, ಅಜ್ಜಿಯ ಕೆಂಪಿನ ಓಲೆ ನನ್ನ ಹತ್ತಿರಾನೇ ಇದೆ. ಬರ್ಮಾ ಕೆಂಪು ಅಂತ ಅಮ್ಮ ಹೇಳ್ತಾಳೆ. ಅದನ್ನಾದ್ರೂ ಅನುಮಾನ ಪಡಬೇಡಿ.

— ಆ ಕಲ್ಲನ್ನ ನಾನು ನಿಮ್ಮಮ್ಮನ ಮದುವೆಗೆ ಮುಂಚೆನೇ ನೋಡಿದೀನಿ. ಒಳಗೆ ಬಿಲ್ಲಿನ ಹಾಗೆ ಬಾಗಿದ ಗೆರೆ ಇದೆ. ಭೂಮಿಯಲ್ಲಿ ಹುಟ್ಟಿದ ಕೆಂಪಿನಲ್ಲಿ ಗೆರೆ ಇದ್ರೆ ನೇರ ಇರುತ್ತೆ, ಕೋನ ಬರುತ್ತೆ. ಬಾಗಿದ್ರೆ ಒಲೆಯಲ್ಲಿ ಹುಟ್ಟಿದ್ದು. ವರ್ನ್ಯೂಯ್ ಅನ್ನೋ ಫ್ರಾನ್ಸಿನವನು 1902ರಲ್ಲೇ ಬೆಂಕಿಯಲ್ಲಿ ಕೆಂಪು ಬೆಳೆಸೋದು ಲೋಕಕ್ಕೆ ತೋರಿಸಿದ. ಆಮೇಲೆ ಆ ಕಲ್ಲು ಸೇರುಗಟ್ಟಲೆ ಬಂತು. ‘ಅಜ್ಜಿ ಕಾಲದ್ದು’ ಅನ್ನೋದು ಸಾಕ್ಷಿಯಲ್ಲ ಮಗ. ಅಜ್ಜಿ ಕಾಲದಲ್ಲೂ ಅಂಗಡಿಯವರಿದ್ದರು.

— ಅಮ್ಮನಿಗೆ ಹೇಳಿದೀರಾ?

— ನನಗೇನು ಹುಚ್ಚಾ? ಹಾಗಂತ ಆ ಓಲೆ ಕುಂದಣದ ಕೆಲಸ ನೋಡಿದೀಯಾ? ಕಲ್ಲಿನ ಹಿಂದೆ ತೆಳು ತಗಡು ಇಟ್ಟು ಬೆಳಕು ಪುಟಿಯೋ ಹಾಗೆ ಕೂರಿಸಿದ್ದಾನೆ. ಇವತ್ತು ಆ ಕೈ ಇಲ್ಲ. ವಜ್ರದ ಕಥೆ ಇನ್ನೂ ಕಷ್ಟ. ಅಂಗಡಿಯವರು ಚುಚ್ಚಿ ನೋಡೋ ಪೆನ್ನು ಶಾಖ ಅಳೆಯುತ್ತೆ. ಮಾಯ್ಸನೈಟ್ ಅನ್ನೋ ಕಲ್ಲು ಶಾಖವನ್ನ ವಜ್ರದ ಹಾಗೇ ಸಾಗಿಸಿ ಆ ಪೆನ್ನಿಗೆ ಟೋಪಿ ಹಾಕುತ್ತೆ. ಅದಕ್ಕೆ ಕರೆಂಟು ಹರಿಯುತ್ತಾ ಅಂತ ಬೇರೆ ನೋಡಬೇಕು. ಕಲ್ಲಿನ ವಿಷಯಕ್ಕೆ ನಾನು ಕೈ ಹಾಕಲ್ಲ. ಪ್ರಯೋಗಾಲಯಕ್ಕೆ ಕಳಿಸಿ ಅಂತೀನಿ.

(ಹಳೇಬೀಡು. ದೇವಸ್ಥಾನದ ದಕ್ಷಿಣ ಬಾಗಿಲು.)

— ಈ ದ್ವಾರಪಾಲಕರ ಕೈ ಹೋಗಿದೆ, ಕೊರಳಿನದ್ದು ನೋಡಿ, ಒಂದು ಮಣಿಯೂ ಹೋಗಿಲ್ಲ.

— ಕಂಠೀಹಾರ, ಅದರ ಕೆಳಗೆ ಪದಕ, ತೋಳಿಗೆ ವಂಕಿ, ಸೊಂಟದ ಡಾಬಿಗೆ ಜೋಲು. ನಾನು ಕೆಲಸ ಕಲಿಯೋವಾಗ ಅಪ್ಪ ಇಲ್ಲಿಗೆ ಕರಕೊಂಡು ಬಂದು ಸ್ಲೇಟಿನ ಮೇಲೆ ಇವನ್ನ ಬರೆಸೋನು. ಈಗ ಬೆಂಗಳೂರಿನ ಅಂಗಡಿಯಲ್ಲಿ ‘ಟೆಂಪಲ್ ಜುವೆಲ್ಲರಿ’ ಅಂತ ಬರೋದರಲ್ಲಿ ಮುಕ್ಕಾಲು ಇಂಥ ಕಡೆಯಿಂದ ಎತ್ತಿದ್ದೇ.

— ಅದು ನಕಲಿ ಅಲ್ವಾ ಹಾಗಾದ್ರೆ? ನನ್ನ ಕಡಗ ಮಾಡಿದವನು ಮಾಡಿದ್ದೂ ಅದೇ.

— ಅಲ್ಲ. ಹಾರದ ಮಾದರಿ ತಗೊಂಡು ‘ಇದು ನಾನು ಮಾಡಿದ್ದು’ ಅಂದ್ರೆ ಅದು ಕಸುಬು. ‘ಇದು ಅವನು ಮಾಡಿದ್ದು’ ಅಂದ್ರೆ ಸುಳ್ಳು. ನಮ್ಮ ದೇಶದ ವಿನ್ಯಾಸ ಕಾಯ್ದೆಯಲ್ಲಿ ಒಂದು ಮಾದರಿಗೆ ರಕ್ಷಣೆ ಹೆಚ್ಚೆಂದರೆ 15 ವರ್ಷ. ಈ ಹಾರಕ್ಕೆ ಒಂಬೈನೂರು ಆಯ್ತು. ಹೆಸರು, ಚಿಹ್ನೆ ಹಾಗಲ್ಲ. ನವೀಕರಿಸ್ತಾ ಹೋದರೆ ಎಷ್ಟು ವರ್ಷ ಬೇಕಾದರೂ ಅವರದ್ದೇ. ನಿನ್ನ ಕಡಗವನ್ನ ಆ ಹೆಸರು ಹೇಳಿ ನೀನು ಮುಂದೆ ಯಾರಿಗಾದರೂ ಮಾರಿದ್ರೆ ಪೊಲೀಸರು ಬರಬೇಕಾದ್ದು ನಿನ್ನ ಮನೆಗೆ.

— ಮಾರಲ್ಲ ಬಿಡಿ. ಮಾವ, ಈ ಕಂಬ ಕನ್ನಡಿ ಹಾಗೆ ಕಪ್ಪಗಿದೆಯಲ್ಲ, ಇದೂ ಒರೆಗಲ್ಲಿನ ಜಾತಿಯೇ?

— ಉಜ್ಜಿಗಿಜ್ಜಿ ನೋಡೀಯ, ಕಾವಲಿನವರು ಹಿಡ್ಕೋತಾರೆ! ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಬಿಗಿಯುತ್ತೆ. ಮೆತ್ತಗಿದ್ದದ್ದಕ್ಕೇ ಇಷ್ಟು ಸಣ್ಣ ಮಣಿ ಕೆತ್ತೋಕಾದದ್ದು. ಉಂಗುರ ಉಜ್ಜಿದ್ರೆ ಚಿನ್ನದ ಗೆರೆ ಬೀಳಲ್ಲ, ಕಲ್ಲೇ ತರಚುತ್ತೆ.

— ಊರ ತುಂಬ ಇಷ್ಟೊಂದು ಹಳೇದಿದೆ. ಅಗೆದರೆ ಚಿನ್ನವೂ ಸಿಗುತ್ತಾ ಅಂತ.

— ಆ ಆಸೆಯ ಮೇಲೇ ಒಂದು ದೊಡ್ಡ ಮೋಸದ ಉದ್ಯೋಗ ನಡೆಯುತ್ತೆ, ಈ ರಾಜ್ಯದ ಎಷ್ಟೋ ಜಿಲ್ಲೆಗಳಲ್ಲಿ. ಫೋನು ಬರುತ್ತೆ: ‘ಮನೆ ಪಾಯ ತೋಡೋವಾಗ ಕೊಡ ಸಿಕ್ಕಿದೆ, ನಾವು ಬಡವರು, ಮಾರೋಕೆ ಗೊತ್ತಾಗಲ್ಲ.’ ಹೋದವರಿಗೆ ಒಂದೋ ಎರಡೋ ಬಿಲ್ಲೆ ಕೊಟ್ಟು, ನಿಮ್ಮ ಆಚಾರಿಗೇ ತೋರಿಸಿ ಅಂತಾರೆ. ಅದು ಅಪ್ಪಟ ಚಿನ್ನವೇ. ಆಮೇಲೆ ಲಕ್ಷಗಟ್ಟಲೆ ತಂದವರಿಗೆ ಕೊಡೋ ಗಂಟಿನಲ್ಲಿ ಹಿತ್ತಾಳೆ. ನನ್ನ ಹತ್ತಿರಕ್ಕೂ ಒಬ್ಬರು ಅಂಥ ಬಿಲ್ಲೆ ತಂದಿದ್ದರು. ಚಿನ್ನ ನಿಜ ಕಣಪ್ಪ, ಆದರೆ ನೀನು ಕೊಳ್ಳೋಕೆ ಹೊರಟಿರೋದು ಈ ಒಂದನ್ನಲ್ಲವಲ್ಲ ಅಂದೆ. ಕೇಳಲಿಲ್ಲ.

— ಹೊಯ್ಸಳರ ನಾಣ್ಯ ಅಂತಾನೂ ಮಾರ್ತಾರಂತೆ.

— ವಿಷ್ಣುವರ್ಧನನ ಚಿನ್ನದ ನಾಣ್ಯದಲ್ಲಿ ‘ತಳಕಾಡುಗೊಂಡ’ ಅಂತ ಕನ್ನಡದಲ್ಲೇ ಬರೆದಿದೆ, ಇನ್ನೊಂದು ಬಗೆಯಲ್ಲಿ ‘ನೊಳಂಬವಾಡಿಗೊಂಡ’. ಅಸಲಿ ನಾಣ್ಯ ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆದದ್ದು. ಅಕ್ಷರ ಒಂದು ಕಡೆ ಸರಿದಿರುತ್ತೆ, ಅಂಚು ಒಡೆದಿರುತ್ತೆ. ಎರಕ ಹೊಯ್ದ ನಕಲಿಯಲ್ಲಿ ಸಣ್ಣ ಸಣ್ಣ ಗುಳ್ಳೆ ತೂತು, ಅಂಚಿನಲ್ಲಿ ಅಚ್ಚಿನ ಗೆರೆ. ಮತ್ತೆ ಹತ್ತು ನಾಣ್ಯ ಇಟ್ಟರೆ ಹತ್ತರಲ್ಲೂ ಒಂದೇ ಜಾಗದಲ್ಲಿ ಒಂದೇ ಗೀರು. ಮನುಷ್ಯನ ಕೈ ಹತ್ತು ಸಲ ಒಂದೇ ತಪ್ಪು ಮಾಡಲ್ಲ. ನಿಜವಾಗಿ ಸಿಕ್ಕಿದ್ದೇ ಆದರೆ ಮಾರೋ ಹಾಗೂ ಇಲ್ಲ, ನಿಧಿ ಕಾಯ್ದೆ ಇದೆ, ಸರ್ಕಾರಕ್ಕೆ ತಿಳಿಸಬೇಕು. ಇಲ್ಲಿಯ ಚಿನ್ನ ಬಹುಪಾಲು 1311ರಲ್ಲೇ ಮಲಿಕ್ ಕಾಫರನ ದಂಡಿನ ಜೊತೆ ಉತ್ತರಕ್ಕೆ ಹೋಯ್ತು. ಅದರಲ್ಲಿ ಶಾಂತಲೆಯ ಕಾಲದ ಸರ ಯಾವುದಿತ್ತೋ, ಈಗ ಯಾರ ಉಂಗುರದಲ್ಲಿ ಇದೆಯೋ. ನಡಿ, ಹದಿನಾರು ಕಿಲೋಮೀಟರ್ ಇನ್ನೂ.

(ಬೇಲೂರು. ಊಟವಾದ ಮೇಲೆ, ಚೆನ್ನಕೇಶವನ ಅಂಗಳ.)

— ಗೈಡು ಹೇಳೋದು ಕೇಳಿಸಿಕೊಂಡ್ರಾ? ಇದನ್ನೆಲ್ಲ ಕೆತ್ತಿದ್ದು ಜಕಣಾಚಾರಿ ಅಂತ.

— ಕೇಳಿಸ್ತು. ಆ ಪಕ್ಕದ ಗುಡಿ ಕಪ್ಪೆ ಚೆನ್ನಿಗರಾಯನ ಕಥೆಯೂ ಹೇಳ್ತಾನೆ ಈಗ. ಜಕಣ ಮಾಡಿದ ವಿಗ್ರಹಕ್ಕೆ ಅವನ ಮಗ ಡಂಕಣ ಗಂಧ ಬಳಿದ. ಎಲ್ಲಾ ಕಡೆ ಒಣಗಿತು, ಹೊಟ್ಟೆಯ ಒಂದು ಜಾಗದಲ್ಲಿ ಮಾತ್ರ ಹಸಿಯಾಗೇ ಉಳೀತು. ಉಳಿ ಇಟ್ಟರೆ ಒಳಗೆ ನೀರು, ಕಪ್ಪೆ. ಅಂಥ ಪರೀಕ್ಷಕ ಬ್ಯಾಂಕಿಗೆ ಸಿಗಬೇಕು! ನಾನು ಬೆಳಿಗ್ಗೆ ಲೋಟದ ನೀರಲ್ಲಿ ಮಾಡಿದ್ದೂ ಅದೇ ತಾನೇ, ಒಡೆಯದೆ ಹೊಟ್ಟೆ ನೋಡೋದು. ಕಥೆ ಚಂದ. ಆದರೆ ಇಲ್ಲಿಯ ಶಾಸನದಲ್ಲಿ ಜಕಣನ ಹೆಸರಿಲ್ಲ.

— ಮತ್ತೆ ಯಾರ ಹೆಸರಿದೆ?

— ಆ ಮದನಿಕೆಯ ಪೀಠದ ಕಡೆ ಕಣ್ಣು ಹಾಯಿಸು. ಕೆಲವಕ್ಕೆ ಕೆಳಗೆ ಅಕ್ಷರ ಇದೆ. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ನಾಗೋಜ ಅಂತ ಇನ್ನೊಬ್ಬ. ‘ಓಜ’ ಅಂದ್ರೆ ನಮ್ಮ ಪೈಕಿಯವರೇ. ಕಲ್ಲು, ಮರ, ಕಬ್ಬಿಣ, ಕಂಚು, ಚಿನ್ನ, ಐದು ಕಸುಬಿನವರೂ ಒಂದೇ ಕುಲ ಅಂತ ನಾವು ಹೇಳಿಕೊಳ್ಳೋದು. ಎದುರಾಳಿ ಶಿಲ್ಪಿಗಳ ಸೊಕ್ಕು ಮುರಿಯೋನು ಅನ್ನೋ ಥರದ ಬಿರುದನ್ನೂ ತಾವೇ ಕೊರೆದುಕೊಂಡಿದ್ದಾರೆ. ನಿನ್ನ ಕಾರ್ಟಿಯೇಗಿಂತ ಏಳು ಶತಮಾನಕ್ಕೂ ಹೆಚ್ಚು ಮೊದಲೇ ಇಲ್ಲಿ ಹೆಸರು ಒತ್ತಿ ಮಾಲು ಕೊಟ್ಟಾಗಿದೆ.

— ಹೆಸರು ಕಲ್ಲಿನಲ್ಲೇ ಇದ್ದರೂ ಊರು ಹೇಳೋದು ಜಕಣಾಚಾರಿ ಅಂತ.

— ಹ್ಞಾಂ. ಕೆಲಸ ಅಸಲಿ, ಹೆಸರು ಮಾತ್ರ ಬೇರೆಯವರದ್ದು.

— ನನ್ನ ಕಡಗದ ಹಾಗೆ ಅನ್ನಿ.

— ನಾನನ್ನಲಿಲ್ಲ, ನೀನಂದೆ.

— ಮಾವ, ಕಲ್ಲಿನವರು ಹೆಸರು ಕೊರೆದರು, ಚಿನ್ನದವರು ಯಾಕೆ ಕೊರೆಯಲಿಲ್ಲ? ನಮ್ಮ ಮನೇಲಿ ತಲೆಮಾರಿನಿಂದ ಮಾಡಿದ್ದಾರೆ, ಒಬ್ಬರದ್ದೂ ಗುರುತಿಲ್ಲ.

— ಕಲ್ಲು ಕರಗಲ್ಲವಲ್ಲ. ಮಗಳ ಮದುವೆಗೆ ಅಮ್ಮನ ಅಡ್ಡಿಕೆ ಕರಗುತ್ತೆ, ಮೊಮ್ಮಗಳಿಗೆ ಅದೇ ಇನ್ನೊಂದಾಗುತ್ತೆ. ನಾನೇ ನಮ್ಮಜ್ಜನ ಕೈಯ ಎಷ್ಟು ಒಡವೆ ಮೂಸೆಗೆ ಹಾಕಿದೀನೋ. ಒಂದು ಬುಗುಡಿ ಬಂದಿತ್ತು, ಬೆನ್ನಲ್ಲಿ ಗೋಧಿ ಕಾಳಿನಷ್ಟು ಒಂದು ಎಲೆ ಕೊರೆದಿದ್ದ. ಯಾರೂ ನೋಡದ ಜಾಗ. ಅದು ಅಜ್ಜನ ಚಾಳಿ ಅಂತ ಅಪ್ಪ ಹೇಳ್ತಿದ್ದ. ಗಿರಾಕಿ ಎದುರಿಗೇ ಕೂತಿದ್ದರು, ಕರಗಿಸಿ ಅಂದರು. ಕರಗಿಸಿದೆ.

— ಅಯ್ಯೋ.

— ಅಯ್ಯೋ ಏನು? ಅವರ ಚಿನ್ನ. ನೀನು ದುಡ್ಡು ಕೊಟ್ಟು ಹೆಸರು ಕೊಳ್ಳೋಕೆ ಹೋದೆಯಲ್ಲ, ಅದಕ್ಕೇ ನನಗೆ ಬೆಳಿಗ್ಗೆ ನಗು ಬಂದದ್ದು. ಹೆಸರಿಗೂ ಬೆಲೆ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

— ಅಲ್ನೋಡಿ, ಗೈಡು ಒಳಗೆ ಕರೀತಿದ್ದಾನೆ. ಒಳಗಿನ ಮದನಿಕೆ ಕೈಬಳೆ ತಿರುಗುತ್ತಂತೆ, ಕಲ್ಲಿನದ್ದೇ.

— ತಿರುಪು ಇಲ್ಲದೇ ತಿರುಗುತ್ತೆ. ಹೋಗಿ ನೋಡಿ ಬಾ, ನಾನು ಇಲ್ಲೇ ನೆರಳಲ್ಲಿರ್ತೀನಿ. ಕಡಗ ಕೊಟ್ಟು ಹೋಗು.

— ಯಾಕೆ?

— ಇನ್ನೊಂದ್ಸಲ ನೋಡ್ಬೇಕು. ಈ ಅಂಚನ್ನ ಹೀಗೆ ಒಳಕ್ಕೆ ಉರುಟು ಮಾಡೋರು ಈಗ ಕಡಿಮೆ. ಮಣಿಕಟ್ಟಿಗೆ ಉಜ್ಜದಿರಲಿ ಅಂತ ಮಾಡಿದ್ದು. ಫೋಟೋ ನೋಡಿ ಬರೋ ಬುದ್ಧಿ ಅಲ್ಲ ಇದು. ಹಾಸನದ ಕಡೆಯ ಕೈಯೋ, ತಿಪಟೂರಿನ ಕಡೆಯದ್ದೋ. ಒಳ್ಳೇ ಕೆಲಸಗಾರ, ಪಾಪ.

— ಒಳಗಿನ ಹೆಸರು ಉಜ್ಜಿ ತೆಗೆಯೋಕಾಗುತ್ತಾ ಮಾವ? ಆ 750, ಪಾರಿವಾಳ, ಎಲ್ಲಾ?

— ಆಗುತ್ತೆ. ನಾಳೆ ಊರಿಗೆ ಹೋಗಿ ಕೂತ್ರೆ ಅರ್ಧ ಗಂಟೆ ಕೆಲಸ. ಆಮೇಲೆ ನಿನ್ನ ಸ್ನೇಹಿತೆಯರು ಯಾವ ಕಂಪನಿದು ಅಂತ ಕೇಳಿದ್ರೆ?

— ಆಚಾರಿ ಮಾಡಿದ್ದು ಅಂತೀನಿ. ಎಷ್ಟು ಚಿನ್ನ ಹೋಗುತ್ತೆ ಉಜ್ಜಿದ್ರೆ?

— ಒಂದು ಗುಲಗಂಜಿ ಮೇಲೆ ಹೋಗಲ್ಲ.

— ಆ ಪುಡಿ?

— ಪುಡಿ ನನ್ನ ಹಲಗೆ ಮೇಲೆ ಬೀಳುತ್ತೆ. ಹಲಗೆ ಮೇಲೆ ಬಿದ್ದದ್ದು ಆಚಾರಿದು.

— ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತ ಅಮ್ಮ ಸುಮ್ಮನೆ ಹೇಳ್ತಿರಲಿಲ್ಲ.

— ಇದು ಅಕ್ಕನದ್ದಲ್ಲ ಕಣೇ, ಅಕ್ಕನ ಮಗಳದ್ದು.